ಗೇಜಪ್ಪನ ಷರಾ ಕಾಲಮ್ಮು

ನನಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದ್ದೀತು. ಇಪ್ಪತ್ತೆರಡು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡು ಬಂದವನ ಮೂಗಿನ ತುದಿಯಲ್ಲಿ ಮಲ್ಲಿಗೆ ಹೂವು ಕೂತಿರುತ್ತದೆಯೇ? ಬಸ್ಸು ಹತ್ತಿ ಒಂದು ಸಲ ಹಿಂದಿನಿಂದ ಮುಂದಕ್ಕೆ ಕಣ್ಣು ಹಾಯಿಸಿದರೆ ಸಾಕು, ಟಿಕೆಟ್ ಇಲ್ಲದವನು ಯಾರು ಎಂದು ನನಗೆ ಗೊತ್ತಾಗಿಬಿಡುತ್ತದೆ. ಅವನು ಕಿಟಕಿಯ ಆಚೆ ಏನೋ ಭಾರೀ ಮುಖ್ಯವಾದದ್ದನ್ನು ನೋಡುತ್ತಿರುತ್ತಾನೆ. ಮುಖ ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗಿತ್ತು. ಅದು ಇಳಿದದ್ದು ನನ್ನ ಭಾವನಿಂದ, ಒಂದು ಗುರುವಾರ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರಿನ ದೊಡ್ಡ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಹೋಟೆಲುಗಳ ಟವಲು, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ಅಲ್ಲಿಗೆ ಬಂದು ಹಬೆಯಲ್ಲಿ ಬೆಂದು ಇಸ್ತ್ರಿಯಾಗಿ ಹೋಗುತ್ತವೆ. ಆ ಹಬೆ ಬರುವುದು ಹಿಂಬದಿಯ ತಗಡಿನ ಶೆಡ್ಡಿನಲ್ಲಿರುವ ಬಾಯ್ಲರಿನಿಂದ. ಭಾವನ ಸಂಸಾರ ಅರ್ಧ ಮನೆಯಲ್ಲಿ, ಅರ್ಧ ಅದರ ಜೊತೆ. ಗಂಟೆಗೊಮ್ಮೆ ಹಬೆಯ ಒತ್ತಡ ತೋರಿಸುವ ಗೇಜು ನೋಡಬೇಕು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ನೋಡಬೇಕು, ಲಾಗ್ ಪುಸ್ತಕದಲ್ಲಿ ಬರೆಯಬೇಕು: ಸಮಯ, ಒತ್ತಡ, ನೀರು, ಕೊನೆಗೆ ಷರಾ. ಏನಾದರೂ ಕೆಟ್ಟು ನಿಂತರೆ ದೋಷ ಯಾವುದರದ್ದು, ಯಾರದ್ದು ಎಂದು ಬರೆಯುವ ಜಾಗ ಈ ಷರಾ ಕಾಲಮ್ಮು. ‘ದೋಷ: ನೀರಿನ ಪಂಪು.’ ‘ದೋಷ: ಒದ್ದೆ ಸೌದೆ.’ ಭಾವ ಒಮ್ಮೆ ತೂಕಡಿಸಿದಾಗ ‘ದೋಷ: ನನ್ನದು’ ಎಂದು ತಾವೇ ಬರೆದು ಒಂದು ದಿನದ ಸಂಬಳ ಕಳೆದುಕೊಂಡಿದ್ದರು.

ಆ ಪುಸ್ತಕಕ್ಕೆ ಇನ್ನೊಂದು ಕಟ್ಟುನಿಟ್ಟು ಇದೆ. ಬರೆದದ್ದನ್ನು ಅಳಿಸುವಂತಿಲ್ಲ, ಉಜ್ಜುವಂತಿಲ್ಲ, ಮೇಲೆ ಗೀಚುವಂತಿಲ್ಲ. ತಪ್ಪು ಬರೆದಿದ್ದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಭಾವ ಈ ನಿಯಮವನ್ನು ಮನೆಗೂ ತಂದಿದ್ದರು. ಹಾಲಿನವನ ಕ್ಯಾಲೆಂಡರಿನಲ್ಲಿ ಅಕ್ಕ ತಪ್ಪು ಗುರುತು ಹಾಕಿದರೂ ಗೆರೆ ಎಳೆದು ಸಹಿ ಹಾಕಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅಕ್ಕ ಇದನ್ನು ಹೇಳಿಕೊಂಡು ನಗುತ್ತಿದ್ದಳು, ಆಮೇಲೆ ಅವಳಿಗೂ ಅದೇ ಅಭ್ಯಾಸವಾಯಿತು. ಲಾಂಡ್ರಿಯಲ್ಲಿ ಎಲ್ಲರೂ ಭಾವನನ್ನು ಕರೆಯುವುದು ‘ಗೇಜಪ್ಪ’ ಎಂದೇ.

ಗೇಜಪ್ಪನ ಬಗ್ಗೆ ದೂರು ಬಂದದ್ದು ಒಂದು ಸೋಮವಾರ. ಅಕ್ಕ ಶರ್ಟಿನ ಅಂಗಡಿಗೆ ಕಾಜಾ ಹಾಕಿ ಗುಂಡಿ ಹೊಲಿದುಕೊಡುತ್ತಾಳೆ. ಆವತ್ತು ಶರ್ಟುಗಳ ಗಂಟನ್ನು ಹೊತ್ತುಕೊಂಡೇ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಚಹಾ ಕೊಟ್ಟು ಒಳಗೆ ಹೋದದ್ದೇ ತಡ, ಅಕ್ಕ ಗಂಟಿನ ಮೇಲೆ ಕೈಯಿಟ್ಟು ಹೇಳಿದಳು.

“ನಿಮ್ಮ ಭಾವನಿಗೆ ಬೇರೆ ಯಾರೋ ಇದ್ದಾರೆ ಕಣೋ.”

“ಯಾರು, ಭಾವನಿಗಾ? ಆ ಬಾಯ್ಲರ್ ಬಿಟ್ಟು ಇನ್ಯಾರನ್ನಾದ್ರೂ ಅವರು ಕಣ್ಣೆತ್ತಿ ನೋಡಿದ್ದು ನಾನಂತೂ ಕಂಡಿಲ್ಲ.”

“ತಮಾಷೆ ಮಾಡ್ಬೇಡ. ಹದಿನಾಲ್ಕು ತಿಂಗಳಾಯ್ತು, ಹಾಲ್‌ನಲ್ಲಿ ಮಂಚ ಹಾಕ್ಕೊಂಡು ಮಲಗ್ತಾರೆ. ಶಿಫ್ಟಂತೆ, ನನ್ನ ನಿದ್ದೆ ಕೆಡತ್ತಂತೆ. ಇಪ್ಪತ್ತೇಳು ವರ್ಷ ಕೆಡದೆ ಇದ್ದದ್ದು ಈಗ ಕೆಡತ್ತಾ? ಭುಜದ ಮೇಲೆ ಕೈ ಇಟ್ರೆ ಸರಿದು ಕೂರ್ತಾರೆ. ರಜಾ ದಿನ ಇಸ್ತ್ರಿ ಶರ್ಟ್ ಹಾಕ್ಕೊಂಡು ಎಲ್ಲಿಗೋ ಹೋಗ್ತಾರೆ. ಒಂದು ಸಣ್ಣ ಪುಸ್ತಕ ಇಟ್ಕೊಂಡಿದ್ದಾರೆ. ನಾನು ಬಂದ್ರೆ ಬಚ್ಚಿಡ್ತಾರೆ.”

“ನೇರವಾಗಿ ಕೇಳಿದ್ಯಾ?”

“ಕೇಳ್ದೆ. ಯಾರಾದ್ರೂ ಇದ್ರೆ ಹೇಳಿಬಿಡಿ ಅಂದೆ. ಇಲ್ಲ ಅನ್ಲಿಲ್ಲ. ತಲೆ ತಗ್ಗಿಸ್ಕೊಂಡು ಕೂತ್ರು.” ಶರ್ಟುಗಳ ಗಂಟನ್ನು ಬಿಗಿದು ಕಟ್ಟುತ್ತಾ ಅಕ್ಕ ಮೆಲ್ಲಗೆ ಹೇಳಿದಳು, “ನಾನೇ ಮುದುಕಿ ಆಗ್ಬಿಟ್ನೇನೋ. ಕನ್ನಡಿ ನೋಡೋಕೇ ಬೇಜಾರು ಕಣೋ.”

ನನ್ನ ರಕ್ತ ಕುದಿಯಿತು. ಇಲ್ಲ ಅನ್ನದವನು ತಪ್ಪಿತಸ್ಥ, ಇದು ನನ್ನ ವೃತ್ತಿಯ ಮೊದಲ ಪಾಠ. ಅಕ್ಕ ತೀರ್ಮಾನ ಮಾಡಿಕೊಂಡೇ ಬಂದಿದ್ದಳು: ಗುರುವಾರ ಸಂಜೆ ಐದರ ಬಸ್ಸಿಗೆ ಮಗಳ ಮನೆಗೆ ಹೊರಡುತ್ತಾಳೆ, ಮತ್ತೆ ಬರುವ ಮಾತಿಲ್ಲ. ನನ್ನಿಂದ ಅವಳಿಗೆ ಬೇಕಾದದ್ದು ಒಂದೇ, ಹೋಗುವ ಮೊದಲು ನಿಜ ಗೊತ್ತಾಗಬೇಕು. ಗುರುವಾರ ಭಾವನ ವಾರದ ರಜೆ. ನಾನೂ ರಜೆ ಹಾಕಿದೆ.

ಭಾವ ಹತ್ತು ಗಂಟೆಗೆ ಬಸ್ ಹತ್ತಿದರು. ನಾನು ಅದೇ ಬಸ್ ಹತ್ತುವಂತಿಲ್ಲ, ಯಾವ ಕಂಡಕ್ಟರಾದರೂ ನನ್ನನ್ನು ಕಂಡ ಕೂಡಲೇ ಎದ್ದು ನಿಂತು ಊರಿಗೆಲ್ಲ ಕೇಳುವಂತೆ ನಮಸ್ಕಾರ ಹೊಡೆಯುತ್ತಾನೆ. ಹಾಗಾಗಿ ಸ್ಕೂಟರಿನಲ್ಲಿ ಬಸ್ಸಿನ ಹಿಂದೆ ಇಪ್ಪತ್ತು ನಿಮಿಷ ಹೊಗೆ ಕುಡಿಯುತ್ತಾ ಹೋದೆ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಇಳಿದ ಭಾವ ಮೂರು ಅಂತಸ್ತಿನ ಕಟ್ಟಡದ ಮುಂದೆ ನಿಂತು, ಹಿಂದೆ ಮುಂದೆ ನೋಡಿ, ಸರಸರನೆ ಮೆಟ್ಟಿಲು ಹತ್ತಿದರು. ನಾನು ಹತ್ತು ಎಣಿಸಿ ಹಿಂದೆಯೇ ಹತ್ತಿದೆ. ಏನೇನು ಬಯ್ಯಬೇಕು ಎಂದು ಮೆಟ್ಟಿಲಿಗೊಂದರಂತೆ ಜೋಡಿಸಿಕೊಂಡಿದ್ದೆ.

ಮೂರನೆಯ ಅಂತಸ್ತಿನ ಬಾಗಿಲ ಮೇಲೆ ‘ಮೂತ್ರಾಂಗ ಮತ್ತು ಪುರುಷರ ಆರೋಗ್ಯ ಚಿಕಿತ್ಸಾಲಯ’ ಎಂಬ ಬೋರ್ಡು. ಒಳಗೆ ಗೋಡೆಯುದ್ದಕ್ಕೂ ಬೆಂಚು. ಅದರ ಮೇಲೆ ಹತ್ತು ಹನ್ನೆರಡು ಗಂಡಸರು, ಒಬ್ಬನ ಮುಖವನ್ನು ಇನ್ನೊಬ್ಬ ನೋಡದೆ, ಎಲ್ಲರೂ ಕಿಟಕಿಯ ಆಚೆ ಏನೋ ಭಾರೀ ಮುಖ್ಯವಾದದ್ದನ್ನು ನೋಡುತ್ತ ಕೂತಿದ್ದರು. ಇಡೀ ಬಸ್ಸೇ ಟಿಕೆಟ್ ಇಲ್ಲದೆ ಹೊರಟಂತಿತ್ತು. ಕೊನೆಯಲ್ಲಿ ನಮ್ಮ ಗೇಜಪ್ಪ, ಕೈಯಲ್ಲಿ ಹನ್ನೊಂದನೇ ನಂಬರಿನ ಟೋಕನ್.

ಆಗ ನನ್ನ ಬುದ್ಧಿ ಓಡಿದ್ದು ಎಲ್ಲಿಗೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸಹವಾಸ ಮಾಡಿದ್ದಲ್ಲದೆ ರೋಗವನ್ನೂ ಅಂಟಿಸಿಕೊಂಡಿದ್ದಾನೆ ಈ ಮನುಷ್ಯ, ಎಂದುಕೊಂಡೆ. ಹೋಗಿ ಪಕ್ಕದಲ್ಲೇ ಕೂತು ಹಲ್ಲು ಕಚ್ಚಿ ಕೇಳಿದೆ.

“ಯಾರವಳು?”

ಭಾವ ಬೆಚ್ಚಿಬಿದ್ದರು. ನನ್ನನ್ನು ಕಂಡು ಮುಖ ಬಿಳುಚಿಕೊಂಡಿತು. ಎದ್ದು ಓಡುತ್ತಾರೇನೋ ಎಂದು ತೋಳು ಹಿಡಿದೆ.

“ಯಾರೂ ಇಲ್ವೋ ಮಾರಾಯ,” ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಇನ್ನೊಬ್ಬಳನ್ನ ಇಟ್ಕೊಳ್ಳೋ ತಾಕತ್ತಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?”

ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಅರ್ಥವಾದಾಗ ಮೆಟ್ಟಿಲಿಗೊಂದರಂತೆ ಜೋಡಿಸಿಟ್ಟ ಬೈಗುಳವೆಲ್ಲ ಮೆಟ್ಟಿಲಿಳಿದು ಹೋಯಿತು.

“ಮತ್ತೆ ಅಕ್ಕ ಕೇಳಿದಾಗ ಇಲ್ಲ ಅನ್ನಬಾರದಿತ್ತಾ?”

“ಇಲ್ಲ ಅಂದ್ರೆ, ಮತ್ಯಾಕೆ ಹೀಗೆ ಅಂತಾಳೆ. ಏನ್ ಹೇಳ್ಲಿ? ಇನ್ನೊಬ್ಬಳಿದ್ದಾಳೆ ಅಂದ್ಕೊಂಡ್ರೆ, ಹಾಳಾಗ್ಲಿ, ಗಂಡಸು ಅಂತಾದ್ರೂ ಅಂದ್ಕೊಳ್ತಾಳೆ.”

ಬೆಂಚಿನಲ್ಲಿ ಪಕ್ಕದವನು ಇದನ್ನು ಕೇಳಿಸಿಕೊಂಡು ಕಿಟಕಿಯತ್ತ ಇನ್ನಷ್ಟು ತಿರುಗಿದ. ನನಗೆ ಭಾವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ಒಟ್ಟಿಗೆ ಹೇಗೆ ತೋರಿಸಬೇಕೋ ತಿಳಿಯದೆ ಅವರ ತೋಳನ್ನು ಹಾಗೇ ಹಿಡಿದು ಕೂತೆ. ಇದು ಅವರ ಮೂರನೆಯ ಸಲವಂತೆ. ಹಿಂದೆ ಎರಡು ಸಲ ಬಂದು, ನಂಬರು ಕೂಗಿದ ಕೂಡಲೇ ಎದ್ದು ಮನೆಗೆ ಹೋಗಿದ್ದರು. ಅಕ್ಕ ಐದು ಗಂಟೆಯ ಬಸ್ಸಿಗೆ ಹೊರಡುತ್ತಾಳೆ ಎಂದು ನಾನು ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಹನ್ನೊಂದನೇ ನಂಬರು ಕೂಗಿದಾಗ ಭಾವ ಎದ್ದು ನಿಂತರು, ಹೊರಬಾಗಿಲ ಕಡೆ ನೋಡಿದರು, ಆಮೇಲೆ ನನ್ನ ಕಡೆ.

“ನೀನೂ ಬಾ. ಒಬ್ಬನೇ ಹೋದ್ರೆ ನನ್ನ ಬಾಯಿ ಬರಲ್ಲ.”

ಅಕ್ಕನ ಗಂಡನ ಜೊತೆ ಇಂಥ ಕೋಣೆಗೆ ಹೋಗುವ ಮೈದುನನ ಪಾಡು ಶತ್ರುವಿಗೂ ಬೇಡ. ಒಳಗೆ ಕೂತಿದ್ದವರು ಲೇಡಿ ಡಾಕ್ಟರು. ಐವತ್ತು ದಾಟಿದವರು, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡಿದ್ದರು. ನಾವಿಬ್ಬರೂ ಬಾಗಿಲಲ್ಲೇ ನಿಂತುಬಿಟ್ಟೆವು. “ಕೂತ್ಕೊಳ್ಳಿ, ಕುರ್ಚಿ ಕಚ್ಚಲ್ಲ,” ಎಂದರು ಅವರು. ಕೂತೆವು. “ಹೇಳಿ, ಏನು ತೊಂದ್ರೆ?” ಭಾವ ಬಾಯಿ ತೆರೆದರು, ಮುಚ್ಚಿದರು. ನಾನು ಸಹಾಯಕ್ಕೆ ಹೋದೆ. “ಇವರಿಗೆ ಡಾಕ್ಟ್ರೇ... ಅದು... ಮನೇಲಿ...” ಅಲ್ಲಿಗೆ ನನ್ನ ಇಪ್ಪತ್ತೆರಡು ವರ್ಷದ ದರ್ಪವೂ ಮುಗಿಯಿತು.

ಕೊನೆಗೆ ಭಾವ ಶರ್ಟಿನ ಒಳಗಿನಿಂದ ಆ ಸಣ್ಣ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟರು.

ಸ್ಕೇಲು ಹಿಡಿದು ಗೆರೆ ಹಾಕಿದ ಪುಟಗಳು. ತಾರೀಖು, ಬೆಳಗಿನ ಜಾವ, ರಾತ್ರಿ, ಷರಾ. ಬಾಯ್ಲರಿನ ಗೇಜಿನಂತೆಯೇ ಸೊನ್ನೆಯಿಂದ ಹತ್ತರವರೆಗೆ ಅಂಕಿ. ಡಾಕ್ಟರು ಕನ್ನಡಕ ಏರಿಸಿ ಒಂದು ಪುಟ ನೋಡಿದರು, ಎರಡು ನೋಡಿದರು, ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಗುತ್ತಾರೆ ಎಂದು ನಾನು ಕಾದೆ. ಅವರು ನಗಲಿಲ್ಲ.

“ಗಂಡಸರು ಈ ಕುರ್ಚೀಲಿ ಕೂತು, ಯಾವಾಗಿಂದ ಅಂತ ಕೇಳಿದ್ರೆ ಮೊನ್ನೆಯಿಂದ ಅಂತಾರೆ,” ಎಂದರು. “ಕೆದಕಿದ್ರೆ ಮೂರು ವರ್ಷ ಆಗಿರತ್ತೆ. ನೀವು ನನ್ನ ಅರ್ಧ ಕೆಲಸ ಮಾಡ್ಕೊಂಡು ಬಂದಿದ್ದೀರಿ. ನೋಡಿ, ಮೊದಲು ಏಳು ಎಂಟು ಇತ್ತು, ಆಮೇಲೆ ಐದು, ಮೂರು, ಈಗ ಒಂದು. ದಿಢೀರ್ ಅಂತ ಬಿದ್ದಿಲ್ಲ, ಇಳೀತಾ ಬಂದಿದೆ. ಬೆಳಗಿನ ಜಾವದ್ದೂ ಅದರ ಜೊತೆಗೇ ಇಳಿದಿದೆ.”

“ಬೆಳಗಿನ ಜಾವದ್ದು ಯಾಕೆ ಮುಖ್ಯ ಡಾಕ್ಟ್ರೇ?” ಎಂದೆ ನಾನು. ಕುತೂಹಲ ನಾಚಿಕೆಗಿಂತ ದೊಡ್ಡದು.

“ನಿದ್ದೇಲಿ ದೇಹ ತಾನೇ ತಾನಾಗಿ ಪರೀಕ್ಷೆ ಮಾಡ್ಕೊಳ್ಳತ್ತೆ ಅಂದ್ಕೊಳ್ಳಿ. ಆರೋಗ್ಯವಾಗಿರೋ ಗಂಡಸಿಗೆ ನಿದ್ದೇಲೇ ರಾತ್ರಿ ಮೂರು ನಾಲ್ಕು ಸಲ ನಿಮಿರತ್ತೆ, ಅವನಿಗೆ ಗೊತ್ತೂ ಆಗಲ್ಲ. ನಿದ್ದೇಲಿ ಸರಿಯಾಗಿದ್ದು ಹೆಂಡತಿ ಹತ್ರ ಮಾತ್ರ ಆಗ್ತಿಲ್ಲ ಅಂದ್ರೆ ಹೆಚ್ಚಾಗಿ ಭಯ, ಚಿಂತೆ, ಜಗಳ. ಎರಡೂ ಕಡೆ ಕಡಿಮೆ ಆಗ್ತಿದೆ ಅಂದ್ರೆ ದೇಹದಲ್ಲೇ ಏನೋ ಇದೆ, ರಕ್ತನಾಳದ್ದೋ ನರದ್ದೋ.” ಪುಟ ತಿರುಗಿಸುತ್ತಿದ್ದ ಅವರ ಬೆರಳು ನಿಂತಿತು. “ಇಲ್ಲಿ ಅಂಚಲ್ಲಿ ಕೆಂಪು ಶಾಯಿ. ‘ಮಾತ್ರೆ ನಿಲ್ಲಿಸಿದೆ.’ ಯಾವ ಮಾತ್ರೆ?”

“ಬಿ.ಪಿ.ದು,” ಎಂದರು ಭಾವ.

“ಯಾರು ಹೇಳಿದ್ದು ನಿಲ್ಲಿಸೋಕೆ?”

ಭಾವ ಈಗ ನೆಟ್ಟಗೆ ಕೂತರು. ಪ್ರಶ್ನೆ ಅವರ ಕಸುಬಿನ ಹತ್ತಿರಕ್ಕೆ ಬಂದಿತ್ತು. “ನಾನೇ ಯೋಚನೆ ಮಾಡ್ದೆ. ಪ್ರೆಷರ್ ಕಡಿಮೆ ಮಾಡೋ ಮಾತ್ರೆ ದಿನಾ ನುಂಗ್ತಿದ್ರೆ ಪ್ರೆಷರ್ ಎಲ್ಲಿಂದ ಬರತ್ತೆ? ಮಾತ್ರೆ ಶುರು ಮಾಡಿ ವರ್ಷ ಆದ್ಮೇಲೇ ಇದೂ ಶುರುವಾದದ್ದು. ಅದಕ್ಕೇ ನಾಲ್ಕು ತಿಂಗಳಿಂದ ಬಿಟ್ಟೆ.”

ಅಕ್ಕ ದಿನಾ ಬೆಳಿಗ್ಗೆ ಆ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯ ಮುಚ್ಚಳದಲ್ಲಿ ಇಟ್ಟುಕೊಡುತ್ತಿದ್ದುದು ನನಗೆ ಗೊತ್ತು. ಮನುಷ್ಯ ಅದನ್ನು ನಾಲ್ಕು ತಿಂಗಳು ಬಾಯ್ಲರಿನ ಬೆಂಕಿಗೆ ಎಸೆಯುತ್ತಿದ್ದರು. ಅದನ್ನೂ ಅಲ್ಲೇ ಒಪ್ಪಿಕೊಂಡರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನೂರ ಎಪ್ಪತ್ತೆಂಟು, ನೂರ ಹನ್ನೆರಡು. ಗೇಜಪ್ಪನಿಗೆ ಅಂಕಿಯ ಅರ್ಥ ಬಿಡಿಸಿ ಹೇಳಬೇಕೇ? ಮುಖ ಸಣ್ಣದಾಯಿತು.

“ನಿಮ್ಮ ಬಾಯ್ಲರ್ ಹೀಗೆ ತೋರಿಸಿದ್ರೆ ಏನು ಮಾಡ್ತೀರಿ?”

“ಬೆಂಕಿ ಎಳೆದು ಹೊರಗೆ ಹಾಕ್ತೀನಿ. ಆಮೇಲೆ ಎಲ್ಲರನ್ನೂ ಶೆಡ್ಡಿಂದ ಓಡಿಸ್ತೀನಿ.”

“ಹೂಂ. ಈಗ ಇನ್ನೊಂದು ಹೇಳಿ. ಇಸ್ತ್ರಿ ಯಂತ್ರಕ್ಕೆ ಹಬೆ ಬೇಕು. ಬಾಯ್ಲರಿನ ಒತ್ತಡ ಏರಿಸ್ತೀರಾ?”

“ಯಾಕೆ ಏರಿಸ್ಲಿ? ಆ ಕೊಳವೆಯ ವಾಲ್ವ್ ತೆಗೀತೀನಿ.”

“ಇಲ್ಲೂ ಅಷ್ಟೇ,” ಎಂದರು ಡಾಕ್ಟರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು, ಭಾವ ಮೇಜಿನ ಮೇಲೆ ಬಗ್ಗಿದರು, ನಾನೂ ಬಗ್ಗಿದೆ. ಶಿಶ್ನದ ಒಳಗೆ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆಯಂತೆ. ಉಳಿದ ಹೊತ್ತಿನಲ್ಲಿ ಅವುಗಳೊಳಗಿನ ಸಣ್ಣ ಸ್ನಾಯುಗಳು ಬಿಗಿಯಾಗಿ ಮುದುಡಿಕೊಂಡಿರುತ್ತವೆ, ಆದ್ದರಿಂದ ರಕ್ತ ಹೆಚ್ಚು ನುಗ್ಗುವುದಿಲ್ಲ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ಮೆದುಳಿನಿಂದ ನರಗಳ ಮೂಲಕ ಸುದ್ದಿ ಬರುತ್ತದೆ. ನರದ ತುದಿಯಲ್ಲೂ ರಕ್ತನಾಳದ ಒಳಗೋಡೆಯಲ್ಲೂ ಒಂದು ರಾಸಾಯನಿಕ ಹೊರಡುತ್ತದೆ. ಅದು ಆ ಸ್ನಾಯುಗಳಿಗೆ ಸಡಿಲವಾಗಿ ಎನ್ನುತ್ತದೆ. ಅವು ಸಡಿಲವಾದ ಕೂಡಲೇ ರಕ್ತ ನುಗ್ಗಿ ಸ್ಪಂಜು ತುಂಬುತ್ತದೆ. ತುಂಬಿ ಉಬ್ಬಿದ ಸ್ಪಂಜು ಹೊರಗಿನ ಗಟ್ಟಿ ಪೊರೆಗೆ ಒತ್ತಿದಾಗ, ರಕ್ತ ವಾಪಸು ಹೋಗುವ ನಾಳಗಳು ನಡುವೆ ಸಿಕ್ಕಿ ಮುಚ್ಚಿಕೊಳ್ಳುತ್ತವೆ. ಹೋದದ್ದು ಹೊರಬರುವುದಿಲ್ಲ. ಇಷ್ಟೇ ಅದರ ಗುಟ್ಟು.

ಭಾವ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಅಂದ್ರೆ ಗಟ್ಟಿ ಆಗೋಕೆ ಮೊದ್ಲು ಸಡಿಲ ಆಗ್ಬೇಕು.”

“ಅಷ್ಟೇ. ಅದಕ್ಕೇ ಹೆದರಿದವನಿಗೆ ಆಗಲ್ಲ. ಹೆದರಿಕೆ ಬಂದ್ರೆ ಮೈಯ ನಾಳಗಳೆಲ್ಲ ಬಿಗೀತವೆ. ಮೊದಲ ಸಲ ನಾಳದ ದೋಷದಿಂದ ತಪ್ಪತ್ತೆ, ಎರಡನೇ ಸಲ ಅದರ ಭಯಾನೂ ಸೇರತ್ತೆ. ಇನ್ನು ನಿಮ್ಮ ಬಿ.ಪಿ. ಅದು ಜಾಸ್ತಿ ಇದ್ದಷ್ಟೂ ನಾಳದ ಒಳಗೋಡೆ ಒರಟಾಗತ್ತೆ, ಆ ರಾಸಾಯನಿಕ ಸರಿಯಾಗಿ ಹೊರಡಲ್ಲ. ನೀವು ಒತ್ತಡ ಏರಿಸಿ ಸರಿ ಮಾಡೋಕೆ ಹೋಗಿ ಕೊಳವೇನೇ ಕೆಡಿಸ್ಕೊಳ್ತಿದ್ದೀರಿ.” ಆಮೇಲೆ ದನಿ ಮೆತ್ತಗೆ ಮಾಡಿ ಹೇಳಿದರು, “ಆದ್ರೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಈ ತೊಂದರೆ ಕೊಡ್ತವೆ. ಅದಕ್ಕೆ ಮಾತ್ರೆ ಬದಲಾಯಿಸಬೇಕು, ಬೆಂಕಿಗೆ ಹಾಕಬಾರದು.”

ಭಾವ ನನ್ನ ಕಡೆ ತಿರುಗಿ ನೋಡಲಿಲ್ಲ, ನೋಡಿದ್ದರೆ ನಾನು ಅಲ್ಲೇ ಬಯ್ಯುತ್ತಿದ್ದೆ. “ಈಗ ಅದಕ್ಕೊಂದು ಮಾತ್ರೆ ಇದೆಯಂತಲ್ಲ,” ಎಂದರು ಮೆಲ್ಲಗೆ. “ಮೆಡಿಕಲ್ ಶಾಪಲ್ಲಿ ಕೇಳೋಣ ಅಂತ ಎರಡು ಸಲ ಹೋಗಿ ಕೆಮ್ಮಿನ ಔಷಧಿ ತಗೊಂಡು ಬಂದೆ.”

“ಒಳ್ಳೇದೇ ಆಯ್ತು. ಆ ಮಾತ್ರೆ ಆಸೆ ಹುಟ್ಟಿಸಲ್ಲ. ಆಸೆ ಇದ್ದಾಗ ನಾಳ ಸಡಿಲವಾಗಿ ಇರೋಕೆ ಸಹಾಯ ಮಾಡತ್ತೆ, ಅಷ್ಟೇ. ನಿಮಗೂ ಕೊಡಬಹುದು, ಆದ್ರೆ ಇವತ್ತಲ್ಲ. ಎದೆನೋವಿಗೆ ನಾಲಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ತಗೊಳ್ಳೋರು ಇದನ್ನ ತಗೊಂಡ್ರೆ ಬಿ.ಪಿ. ಪಾತಾಳಕ್ಕೆ ಇಳಿದು ಪ್ರಾಣ ಹೋಗಬಹುದು. ಮೊದ್ಲು ನಿಮ್ಮ ಹೃದಯ ನೋಡಬೇಕು.”

“ಹೃದಯ ಯಾಕೆ?”

“ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಕಲ್ಮಷ ಕಟ್ಕೊಳ್ಳೋಕೆ ಶುರುವಾದ್ರೆ ಸಣ್ಣ ಕೊಳವೇಲಿ ಮೊದಲು ಗೊತ್ತಾಗತ್ತೆ. ಎಷ್ಟೋ ಜನಕ್ಕೆ ಇದು ಬಂದು ಎರಡು ಮೂರು ವರ್ಷಕ್ಕೆ ಎದೆ ಹಿಡ್ಕೊಂಡಿದೆ. ನಾಚಿಕೆಯಿಂದ ಬರದೆ ಉಳಿದೋರನ್ನ ನಾನು ಆಮೇಲೆ ಸ್ಟ್ರೆಚರ್ ಮೇಲೆ ನೋಡಿದ್ದೀನಿ.” ಡಾಕ್ಟರು ರಕ್ತ ಪರೀಕ್ಷೆ, ಇ.ಸಿ.ಜಿ., ಸಕ್ಕರೆ, ಹಾರ್ಮೋನು ಎಂದು ಒಂದು ಚೀಟಿ ಬರೆದರು. ಮಾತ್ರೆ ಹಿಡಿಸದಿದ್ದರೆ ಇಂಜೆಕ್ಷನ್, ಗಾಳಿ ಎಳೆಯುವ ಸಾಧನ, ಕೊನೆಗೆ ಆಪರೇಷನ್, ದಾರಿಗಳು ಬಹಳ ಇವೆ, ಗಾಬರಿ ಬೇಡ ಎಂದರು. ಮತ್ತೆ ಪುಸ್ತಕವನ್ನು ಕೈಗೆತ್ತಿಕೊಂಡು ಈ ಸಲ ಕೊನೆಯ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿದರು. ನನಗೆ ಆ ಪುಟ ಕಾಣುತ್ತಿರಲಿಲ್ಲ. ಅವರು ಕನ್ನಡಕ ತೆಗೆದರು.

“ಇದನ್ನ ನಿಮ್ಮ ಹೆಂಡತಿ ನೋಡಿದ್ದಾರಾ?”

“ಇಲ್ಲ.”

“ತೋರಿಸಿ. ನಾನು ಕೊಡೋ ಯಾವ ಮಾತ್ರೆಗಿಂತ ಮೊದ್ಲು ಅದು.”

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ನನ್ನ ಹೆಂಡತಿಯಂತೆ ನೀವೂ ನಡುನಡುವೆ ಕೇಳುತ್ತೀರಿ. ಟ್ರೆಡ್ ಮಿಲ್ ಯಂತ್ರದ ಪಟ್ಟಿಯ ಮೇಲೆ ನಡೆಸಿ, ಆಮೇಲೆ ಆಂಜಿಯೋಗ್ರಾಂ ಮಾಡಿ ನೋಡಿದಾಗ ಭಾವನ ಹೃದಯದ ಒಂದು ನಾಳ ಮುಕ್ಕಾಲು ಪಾಲು ಕಟ್ಟಿತ್ತು. ಎದೆನೋವೆಂಬುದು ಅವರಿಗೆ ಒಂದು ದಿನವೂ ಬಂದಿರಲಿಲ್ಲ. ನಾಳಕ್ಕೆ ಸ್ಟೆಂಟ್ ಹಾಕಿದರು. ಬಿ.ಪಿ.ಗೆ ಬೇರೆ ಮಾತ್ರೆ ಬಂತು, ಶೆಡ್ಡಿನ ಹಿಂದೆ ಸೇದುತ್ತಿದ್ದ ಸಿಗರೇಟು ನಿಂತಿತು, ಬೆಳಿಗ್ಗೆ ನಾಲ್ಕು ಮೈಲಿ ನಡಿಗೆ ಶುರುವಾಯಿತು. ಮೂರು ತಿಂಗಳ ಮೇಲೆ, ಹೃದಯದ ಡಾಕ್ಟರು ಒಪ್ಪಿದ ಮೇಲೆ, ಆ ಇನ್ನೊಂದು ಮಾತ್ರೆಯೂ ಸಿಕ್ಕಿತು. ಅದರ ಫಲ ಏನಾಯಿತೆಂದು ನಾನು ಕೇಳಲಿಲ್ಲ. ಅಕ್ಕನ ಗಂಡನಿಗೆ ಆ ಪ್ರಶ್ನೆ ಹಾಕುವ ಮೈದುನ ಇನ್ನೂ ಹುಟ್ಟಿಲ್ಲ. ಹಾಲ್‌ನಲ್ಲಿದ್ದ ಮಂಚದ ಮೇಲೆ ಈಗ ಅಕ್ಕ ಕಾಜಾ ಹಾಕಬೇಕಾದ ಶರ್ಟುಗಳನ್ನು ಒಟ್ಟಿದ್ದಾಳೆ. ನನಗೆ ಗೊತ್ತಿರುವುದು ಅಷ್ಟು.

ಆದರೆ ಆ ಗುರುವಾರ ಇದೊಂದೂ ಗೊತ್ತಿರಲಿಲ್ಲ. ಪರೀಕ್ಷೆಗೆ ರಕ್ತ ಕೊಟ್ಟು, ಇಬ್ಬರೂ ಸ್ಕೂಟರಿನಲ್ಲಿ ಹೊರಟಾಗ ಮೂರೂವರೆ. ದಾರಿಯಲ್ಲಿ ಭಾವ ಹಿಂದಿನ ಸೀಟಿನಿಂದ ಹೇಳಿದರು, “ನೀನೇ ಹೇಳ್ಬಿಡೋ.” ನಾನು ಆಗಲ್ಲ ಎಂದೆ. “ಹಾಗಾದ್ರೆ ನಾಳೆ ಹೇಳ್ತೀನಿ,” ಎಂದರು. ನಾಳೆ ಅಕ್ಕ ಇರಲ್ಲ ಎಂದೆ. ಸಿಗ್ನಲ್ಲಿನಲ್ಲಿ ನಿಂತಾಗ ಮತ್ತೆ ಅವರ ದನಿ ಬಂತು, “ಹ್ಯಾಗೆ ಶುರು ಮಾಡೋದು?” ಅದು ನನಗೆ ಗೊತ್ತಿದ್ದಿದ್ದರೆ ನನ್ನ ಸಂಸಾರವೂ ಇನ್ನಷ್ಟು ಚೆನ್ನಾಗಿರುತ್ತಿತ್ತು.

ಬಾಗಿಲ ಬಳಿ ಅಕ್ಕನ ಚೀಲ ಸಿದ್ಧವಾಗಿತ್ತು. ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸುತ್ತಿದ್ದಳು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಅವಳ ಕೈ ನಿಂತಿತು. “ಸಿಕ್ಕಿಬಿದ್ರಾ?” ಎಂದು ನನ್ನನ್ನು ಕೇಳಿದಳು, ಗಂಡನನ್ನಲ್ಲ.

“ಅಕ್ಕ, ನೀನು ಅಂದ್ಕೊಂಡ ಹಾಗಲ್ಲ...”

“ನೀನು ಸುಮ್ನಿರು,” ಎಂದರು ಭಾವ. ಇಬ್ಬರ ನಡುವೆ ಹೊಲಿಗೆ ಯಂತ್ರ. ಅವರು ಬಾಯಿ ತೆರೆದರು. ಮುಚ್ಚಿದರು. ಅಕ್ಕ ಗಡಿಯಾರ ನೋಡಿ ಚೀಲದ ಕಡೆ ಬಗ್ಗಿದಳು. ಆಗ ಭಾವ ಶರ್ಟಿನೊಳಗಿಂದ ಪುಸ್ತಕ ತೆಗೆದು ಯಂತ್ರದ ಮೇಲಿಟ್ಟರು.

ಅಕ್ಕ ಅದನ್ನು ಮುಟ್ಟಲು ಹೇಸುವವಳಂತೆ ಎರಡು ಬೆರಳಲ್ಲಿ ತೆರೆದಳು. ಹೆಂಗಸಿನ ಹೆಸರೋ ವಿಳಾಸವೋ ಇರುತ್ತದೆ ಎಂದುಕೊಂಡಿರಬೇಕು. “ಇದೇನ್ರೀ, ನಿಮ್ಮ ಬಾಯ್ಲರ್ ಅಂಕಿ ನನಗ್ಯಾಕೆ?” ಎಂದಳು. ಆಮೇಲೆ ತಾರೀಖುಗಳನ್ನು ಓದಿದಳು. ಮೇಲಿನ ಸಾಲು ಓದಿದಳು: ಬೆಳಗಿನ ಜಾವ, ರಾತ್ರಿ. ಅವಳ ತುಟಿಗಳು ಅಲುಗುವುದು ನಿಂತಿತು. ಅರ್ಥವಾಯಿತು ಎಂದು ಅವಳ ಕಿವಿ ಕೆಂಪಾದದ್ದರಿಂದ ನನಗೆ ತಿಳಿಯಿತು. ನಾನು ಕಿಟಕಿಯ ಆಚೆ ಏನೋ ಭಾರೀ ಮುಖ್ಯವಾದದ್ದನ್ನು ನೋಡತೊಡಗಿದೆ.

ಪುಟ ಮಗುಚುವ ಸದ್ದು. ಇನ್ನೊಂದು ಪುಟ. ಆಮೇಲೆ ಅಕ್ಕ ಷರಾ ಕಾಲಮ್ಮನ್ನು ಗಟ್ಟಿಯಾಗಿ ಓದತೊಡಗಿದಳು, ಶಾಲೆಯ ಹುಡುಗಿಯ ಹಾಗೆ, ಒಂದೊಂದೇ ಸಾಲು.

“‘ದೋಷ: ನನ್ನದು. ಇವಳದ್ದಲ್ಲ.’ ‘ದೋಷ: ನನ್ನದು. ಇವಳದ್ದಲ್ಲ.’ ‘ದೋಷ: ನನ್ನದು. ಇವಳದ್ದಲ್ಲ...’”

ಪ್ರತಿ ಸಾಲಿನಲ್ಲೂ ಅದೇ ಇತ್ತು, ಎರಡು ವರ್ಷ. ಮೇಲಿನ ಸಾಲಿನ ಕೆಳಗೆ ಎರಡು ಚುಕ್ಕಿ ಹಾಕಿ ‘ಅದೇ’ ಎಂದು ತೋರಿಸಬಹುದಿತ್ತು, ಲಾಂಡ್ರಿಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಮನುಷ್ಯ ಪ್ರತಿ ದಿನವೂ ಪೂರ್ತಿ ಬರೆದಿದ್ದರು.

ಅಕ್ಕನ ದನಿ ಒಡೆಯಿತು. ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು. “ನಾನು ಕನ್ನಡಿ ನೋಡೋದೇ ಬಿಟ್ಟಿದ್ದೆ ಕಣ್ರೀ,” ಎಂದಳು. “ಇಷ್ಟು ಬರೆಯೋಕೆ ಬಂತು, ಒಂದು ದಿನ ಬಾಯಲ್ಲಿ ಹೇಳೋಕೆ ಬರಲಿಲ್ವಾ?”

“ಬರಲಿಲ್ಲ,” ಎಂದರು ಭಾವ. ಅಷ್ಟೇ ಹೇಳಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತೆ, ಅದನ್ನು ಬಚ್ಚಿಡುವುದೇನಿದೆ. ಬಸ್ಸಿನಲ್ಲಿ ಇಷ್ಟು ವರ್ಷ ಅದೆಷ್ಟು ಮುಖಗಳನ್ನು ಹೀಗೇ ತಪ್ಪಾಗಿ ಓದಿದ್ದೇನೋ ಎಂದು ಆಗಲೇ ಮೊದಲ ಸಲ ನನಗನ್ನಿಸಿದ್ದು.

ಐದರ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಬಂದು ಗಂಡನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಈ ಸಲ ಅವರು ಸರಿದು ನಿಲ್ಲಲಿಲ್ಲ. ಪುಸ್ತಕದ ಕೊನೆಯ ಸಾಲು, ಆವತ್ತಿನ ತಾರೀಖಿನದು, ಬೆಳಿಗ್ಗೆ ಬರೆದದ್ದು. ಅವಳು ಬಗ್ಗಿ ‘ನನ್ನದು’ ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದಳು. ಪಕ್ಕದಲ್ಲಿ ‘ಯಾರದ್ದೂ ಅಲ್ಲ’ ಎಂದು ಬರೆದಳು. ಸಹಿ ಹಾಕಿದಳು.